ರೋಗಗಳು ಸರದಿಯಲ್ಲಿ ಬರುವುದಿಲ್ಲ

ಚಿ. ಸೌ. ವಸುಧಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನಾನು ಸ್ವಲ್ಪ ಜೋರು ಮಾಡಿದೆ. ಫೋನಿಟ್ಟ ಮೇಲೆ ನನಗೇ ಬೇಸರವಾಯಿತು. ಮಾತಿನಲ್ಲಿ ಇಲ್ಲದ ತಾಳ್ಮೆ ಬರೆಯುವಾಗ ಸ್ವಲ್ಪ ಬರುತ್ತದೆ, ಅದಕ್ಕೇ ಈ ಕಾಗದ.

ನೀನು ಹೇಳಿದ್ದು ಇಷ್ಟು: ದಡಾರ ಮೊದಲೆಲ್ಲ ಮನೆಮನೆಗೂ ಬಂದು ಹೋಗುತ್ತಿತ್ತು, ಮಗು ಇನ್ನೂ ಎಳಸು, ಎರಡು ವರ್ಷ ತುಂಬಲಿ, ಆಮೇಲೆ ಒಂದೊಂದಾಗಿ ಲಸಿಕೆ ಹಾಕಿಸೋಣ, ಅಷ್ಟರೊಳಗೆ ಏನಾದರೂ ಬಂದರೆ ಔಷಧವಿದೆಯಲ್ಲ. ಈ ಲೆಕ್ಕದಲ್ಲಿ ನೀನು ಒಂದೊಂದು ರೋಗವನ್ನೂ ಬೇರೆ ಬೇರೆ ತಕ್ಕಡಿಯಲ್ಲಿಟ್ಟು ತೂಗಿದ್ದೀಯೆ. ಮೂವತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ನಾನು ಅವು ಒಟ್ಟೊಟ್ಟಿಗೆ ಬಂದದ್ದನ್ನು ಕಂಡಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡೂವರೆ ವರ್ಷದ ಒಬ್ಬ ಹುಡುಗ ಬಂದ. ಕೆಂಡದಂಥ ಜ್ವರ, ಬೆಳಕಿಗೆ ಬಿಡಲಾಗದ ಕೆಂಪು ಕಣ್ಣು, ಕಿವಿಯ ಹಿಂದಿನಿಂದ ಹೊರಟು ಎದೆಗಿಳಿದ ಗುಳ್ಳೆ. ನೋಡಿದವರೆಲ್ಲ ದಡಾರ ಎಂದರು. ದಡಾರವೇ ಆಗಿತ್ತು. ನಾಲ್ಕೈದು ದಿನಕ್ಕೆ ಜ್ವರ ಇಳಿಯಿತು, ಗುಳ್ಳೆ ಕಂದು ಬಣ್ಣಕ್ಕೆ ತಿರುಗಿತು. ಕೆಮ್ಮು ಮಾತ್ರ ನಿಲ್ಲಲಿಲ್ಲ. ದಡಾರದಲ್ಲಿ ಕೆಮ್ಮು ಇದ್ದೇ ಇರುತ್ತದೆ ಎಂದು ನಾವು ಸುಮ್ಮನಿದ್ದೆವು. ಒಂದು ರಾತ್ರಿ ನಮ್ಮ ಹಿರಿಯ ಸಿಸ್ಟರ್ ವರಾಂಡದಲ್ಲಿ ಹೋಗುತ್ತಿದ್ದವರು ತಟಕ್ಕನೆ ನಿಂತರು. ಒಳಗೆ ಹುಡುಗ ಉಸಿರು ಎಳೆದುಕೊಳ್ಳದೆ ಒಂದೇ ಸಮನೆ ಹದಿನೈದಿಪ್ಪತ್ತು ಬಾರಿ ಕೆಮ್ಮಿದ, ಮುಖ ನೀಲಿಯಾಯಿತು, ಆಮೇಲೆ ಗಂಟಲು ಹರಿಯುವಂತೆ ಕೂಗಿನ ದನಿಯಲ್ಲಿ ಉಸಿರೆಳೆದು ವಾಂತಿ ಮಾಡಿಕೊಂಡ. "ಇದು ದಡಾರದ ಕೆಮ್ಮಲ್ಲ" ಎಂದರು ಸಿಸ್ಟರ್. ಮೂಗಿನ ಆಳದಿಂದ ಮಾದರಿ ತೆಗೆದು ಕಳುಹಿಸಿದರೆ ನಾಯಿಕೆಮ್ಮು.

ಒಂದು ರೋಗ ಇನ್ನೊಂದನ್ನು ಮರೆಮಾಡುವುದೆಂದರೆ ಇದು. ಮೈಮೇಲೆ ಗುಳ್ಳೆ ಕಂಡ ಕೂಡಲೇ ಉತ್ತರ ಸಿಕ್ಕಿತೆಂದು ಎಲ್ಲರೂ ಹುಡುಕುವುದನ್ನು ಬಿಟ್ಟುಬಿಡುತ್ತಾರೆ. ನಾಯಿಕೆಮ್ಮಿನ ಆ್ಯಂಟಿಬಯೋಟಿಕ್ ನಿಜಕ್ಕೂ ಉಪಯೋಗಕ್ಕೆ ಬರುವುದು ಮೊದಲ ಒಂದೆರಡು ವಾರದಲ್ಲಿ, ಬರೀ ನೆಗಡಿಯಂತೆ ಕಾಣುವಾಗ. ಕೂಗು ಶುರುವಾದ ಮೇಲೆ ಕೊಟ್ಟರೆ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ, ಮಗುವಿನ ಕೆಮ್ಮು ತನ್ನ ಅವಧಿ ಮುಗಿಸಿಯೇ ಹೋಗುತ್ತದೆ, ಅದು ತಿಂಗಳುಗಟ್ಟಲೆ. ನೀನು ನೆಚ್ಚಿಕೊಂಡ "ಔಷಧವಿದೆಯಲ್ಲ" ಎಂಬ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ದಡಾರಕ್ಕಂತೂ ವೈರಸ್ಸನ್ನೇ ಕೊಲ್ಲುವ ಔಷಧ ಇವತ್ತಿಗೂ ಇಲ್ಲ. ವಿಟಮಿನ್ ಎ ಕೊಡುತ್ತಾರೆ, ಆರೈಕೆ ಮಾಡುತ್ತಾರೆ, ಕಾಯುತ್ತಾರೆ.

ಅವನ ತಾಯಿ ಚೀಲದಿಂದ ಲಸಿಕೆಯ ಕಾರ್ಡು ತೆಗೆದುಕೊಟ್ಟಳು. ಹುಟ್ಟಿದಾಗ ಹಾಕಿಸಿದ್ದೊಂದನ್ನು ಬಿಟ್ಟು ಉಳಿದ ಮನೆಗಳೆಲ್ಲ ಖಾಲಿ. ಎರಡು ರೋಗ ಒಟ್ಟಿಗೆ ಬಂದದ್ದರಲ್ಲಿ ಕಾಕತಾಳೀಯ ಏನೂ ಇರಲಿಲ್ಲ, ಎರಡಕ್ಕೂ ದಾರಿ ಕೊಟ್ಟದ್ದು ಆ ಖಾಲಿ ಕಾರ್ಡೇ. ಮನೆಯಲ್ಲಿ ಐದು ವಾರದ ತಂಗಿಯೊಬ್ಬಳಿದ್ದಳು. ಅಷ್ಟು ಚಿಕ್ಕ ಕೂಸು ನಾಯಿಕೆಮ್ಮು ಬಂದರೂ ಕೆಮ್ಮಬೇಕೆಂದಿಲ್ಲ, ಸುಮ್ಮನೆ ಉಸಿರಾಟ ನಿಲ್ಲಿಸಿಬಿಡಬಹುದು. ಅವಳೂ ಬಂದಳು, ಮೂರು ವಾರ ಆಮ್ಲಜನಕದ ಪಕ್ಕ ಮಲಗಿದಳು. ಇಬ್ಬರೂ ಉಳಿದರು. "ದಡಾರ ಒಂದೇ ಎಂದಿದ್ದಿರಲ್ಲ?" ಎಂದು ಆ ತಾಯಿ ನಮ್ಮನ್ನು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ.

ದಡಾರಕ್ಕೆ ಇನ್ನೊಂದು ಕೆಟ್ಟ ಗುಣವಿದೆ. 1908ರಲ್ಲಿ ಪಿರ್ಕೆ ಎಂಬ ವೈದ್ಯರು, ಕ್ಷಯದ ಚರ್ಮಪರೀಕ್ಷೆಗೆ ಚೆನ್ನಾಗಿ ಸ್ಪಂದಿಸುತ್ತಿದ್ದ ಮಕ್ಕಳ ಮೈ ದಡಾರ ಬಂದಾಗ ಸ್ಪಂದಿಸುವುದನ್ನೇ ಬಿಡುತ್ತದೆ ಎಂದು ಬರೆದರು. ಅಂದರೆ ದೇಹದ ಕಾವಲು ತೂಕಡಿಸುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೆದರ್‌ಲೆಂಡ್ಸಿನ, ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿದಾಗ, ಬೇರೆ ಬೇರೆ ರೋಗಾಣುಗಳ ವಿರುದ್ಧ ಅವರು ಗಳಿಸಿಟ್ಟುಕೊಂಡಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಅಳಿಸಿಹೋಗಿದ್ದವು. ಲಸಿಕೆಯಿಂದ ಹೀಗಾಗುವುದಿಲ್ಲ. ದಡಾರ ಬಂದು ಸಾಯುವ ಮಕ್ಕಳಲ್ಲಿ ಹೆಚ್ಚಿನವರು ನ್ಯುಮೋನಿಯಾದಿಂದ ಸಾಯುತ್ತಾರೆ. ಆ ನ್ಯುಮೋನಿಯಾಕ್ಕೆ ಕಾರಣವಾಗುವ ನ್ಯುಮೋಕಾಕಸ್, ಹಿಬ್‌ ಎಂಬ ಎರಡು ಬ್ಯಾಕ್ಟೀರಿಯಾಗಳಿಗೂ ಲಸಿಕೆಯಿದೆ. ನಿನ್ನ ಮಗುವಿನ ಕಾರ್ಡಿನಲ್ಲಿ ಖಾಲಿ ಬಿದ್ದಿರುವ ಮನೆಗಳಲ್ಲಿ ಅವುಗಳದ್ದೂ ಇದೆ.

"ಉಳಿದ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರಲ್ಲ" ಎಂದೂ ಹೇಳಿದೆ. ಧನುರ್ವಾಯು ಮಣ್ಣಿನಿಂದ ಬರುತ್ತದೆ, ಪಕ್ಕದ ಮನೆಯ ಮಗುವಿನ ಲಸಿಕೆ ಅದನ್ನು ತಡೆಯದು. ದಡಾರದ ವೈರಸ್ ರೋಗಿ ಎದ್ದುಹೋದ ಮೇಲೂ ಎರಡು ಗಂಟೆ ಕೋಣೆಯ ಗಾಳಿಯಲ್ಲಿರಬಲ್ಲದು. ನೂರರಲ್ಲಿ 95 ಮಂದಿಗಾದರೂ ರಕ್ಷಣೆ ಇರದಿದ್ದರೆ ಅದು ಸಂದು ಹುಡುಕಿಕೊಂಡು ಬರುತ್ತದೆ.

ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ತೊಡೆ ಊದುತ್ತದೆ, ಒಂದೆರಡು ದಿನ ಜ್ವರ ಬರುತ್ತದೆ, ಅಪರೂಪಕ್ಕೆ ಜ್ವರದ ಸೆಳವೂ ಬರಬಹುದು. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸು. ಅದಕ್ಕೇ ಹಾಕಿದ ಮೇಲೆ ಸ್ವಲ್ಪ ಹೊತ್ತು ಅಲ್ಲಿಯೇ ಕೂರಿಸುತ್ತಾರೆ. ಲಸಿಕೆ ಹಾಕಿಸಿಕೊಂಡ ಮಗುವಿಗೂ ನಾಯಿಕೆಮ್ಮು ಬಂದದ್ದನ್ನು ನೋಡಿದ್ದೇನೆ. ಆ ಕೆಮ್ಮಿಗೂ ನಾನು ಮೇಲೆ ಹೇಳಿದ ಕೆಮ್ಮಿಗೂ ಅಜಗಜಾಂತರ.

ತಡವಾಯಿತೆಂದು ನಾಚಿಕೊಳ್ಳಬೇಡ. ಬಿಟ್ಟುಹೋದದ್ದನ್ನು ಹಿಡಿಯುವ ಕ್ರಮ ವೈದ್ಯರ ಬಳಿ ಇದೆ. ಹಾಕಿಸಿದ ಡೋಸು ವ್ಯರ್ಥವಾಗುವುದಿಲ್ಲ, ಮೊದಲಿನಿಂದ ಶುರುಮಾಡಬೇಕಿಲ್ಲ. ಒಂದೇ ದಿನ ಎರಡು ಮೂರು ಲಸಿಕೆಗಳನ್ನು ಬೇರೆ ಬೇರೆ ಜಾಗಕ್ಕೆ ಹಾಕಬಹುದು. ಕಾರ್ಡು ಸಿಗದಿದ್ದರೆ ಹುಡುಕುತ್ತ ಮತ್ತೊಂದು ತಿಂಗಳು ಕಳೆಯಬೇಡ, ಇಲ್ಲವೆಂದು ಹೇಳಿ ಹೋಗು. ಈ ವಾರ ನೆಗಡಿಯಿದೆ ಎಂಬ ನೆಪವೂ ಬೇಡ, ಸಣ್ಣ ನೆಗಡಿ ಲಸಿಕೆಗೆ ಅಡ್ಡಿಯಲ್ಲ.

ಸೂಜಿ ಚುಚ್ಚುವುದನ್ನು ನೋಡಲಾರೆ ಎಂದೆಯಲ್ಲ, ಅದೊಂದು ನನಗೆ ಪೂರ್ತಿ ಅರ್ಥವಾಗುತ್ತದೆ. ದಿನ ಗೊತ್ತುಮಾಡಿ ತಿಳಿಸು, ಬರುತ್ತೇನೆ. ಮಗು ನನ್ನ ತೊಡೆಯ ಮೇಲಿರಲಿ, ಕೈ ನಾನು ಹಿಡಿದುಕೊಳ್ಳುತ್ತೇನೆ. ನೀನು ಬೇಕಾದರೆ ಬಾಗಿಲಾಚೆ ನಿಂತಿರು.

ಇತಿ ನಿನ್ನ,
ಅತ್ತೆ