ಮುಯ್ಯಿ ಬರೆದವನು ನನ್ನ ಅಣ್ಣ

ಸಿರುಗುಪ್ಪದಲ್ಲಿ ನಡೆದ ನನ್ನ ಮದುವೆಗೆ ಬಂದ ಎಲ್ಲರಿಗೂ ನಮಸ್ಕಾರ. ಊಟ ಚೆನ್ನಾಗಿತ್ತು ಎಂದಿರಿ, ಆ ಪುಣ್ಯ ಅಡುಗೆಯವರದು. ನಾನು ಥ್ಯಾಂಕ್ಸ್ ಹೇಳಬೇಕಾದವರು ಇನ್ನೂ ಕೆಲವರಿದ್ದಾರೆ.

ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ. ಬರಿ ಎಂದು ಅವನೇ ಹೇಳಿದ. ಡಿಗ್ರಿ ಓದುವಾಗ ಶುರುವಾಯಿತು. ಯಾರೋ ತನ್ನ ಬಗ್ಗೆ ಮಾತಾಡುವುದು ಕೇಳಿಸುತ್ತಿತ್ತು, ಮನೆಯ ಊಟದ ಮೇಲೂ ಅನುಮಾನ. ಮಾತ್ರೆಯಿಂದ ಆ ದನಿಗಳು ತಗ್ಗಿದರೂ ಸ್ನಾನ ಬೇಡ, ಮಾತು ಬೇಡ, ಸುಮ್ನೆ ಕೂತಿರುತ್ತಿದ್ದ. ನೆಂಟರಿಗೆ ಅದಕ್ಕೇ ಜಾಸ್ತಿ ಸಿಟ್ಟು. "ತಿನ್ನೋದು, ಮಲಗೋದು, ಅಷ್ಟ."

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅಪ್ಪ, ಅವ್ವ, ದೊಡ್ಡಪ್ಪ ಮೂವರನ್ನೂ ಕೂರಿಸಿ ಮಾತಾಡಿದರು. ಇದು ಸೋಂಬೇರಿತನ ಅಲ್ಲ, ಕಾಯಿಲೆಯದೇ ಒಂದು ಭಾಗ. ದಿನಾ ಬೈದು ಹಂಗಿಸುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಹಾಗಂತ ಮಗುವಿನಂತೆ ಬೆನ್ನು ಹತ್ತಿ ತಿರುಗಲೂಬೇಡಿ. ಅವ್ವನಿಗೆ ಈ ಕೊನೆಯದೇ ಕಷ್ಟವಾಯಿತು. ಹುಲಿಗೆಮ್ಮನ ಹರಕೆ ಬಿಡಲ್ಲ ಎಂದಳು. "ತೀರಿಸ್ರಿ, ಮಾತ್ರೆ ಮಾತ್ರ ನಿಲ್ಲಿಸಬ್ಯಾಡ್ರಿ" ಎಂದರು ಡಾಕ್ಟರು.

ಮದುವೆ ಮಾತು ಬಂದಾಗ ಬಂಧುಗಳ ಸಲಹೆ ಒಂದೇ. ಗಂಡಿನ ಕಡೆಯವರಿಗೆ ಹೇಳಬೇಡಿ, ಅಕ್ಕಿಕಾಳು ಬೀಳುವ ತನಕ ಅವನನ್ನು ಬೇರೆ ಮನೆಯಲ್ಲಿ ಇಡಿ. ಆದರೆ ಅವರು ಹೆಣ್ಣು ನೋಡಲು ಬಂದ ದಿನವೇ ಅವ್ವ ಎಲ್ಲ ಹೇಳಿಬಿಟ್ಟಳು. ಮಾವ ನೇರವಾಗಿ ಕೇಳಿದರು, ನಾಳೆ ಮೊಮ್ಮಕ್ಕಳಿಗೆ ಬರುತ್ತದಾ? ಅವರನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ರಕ್ತಸಂಬಂಧದಲ್ಲಿ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೂ ಬಹುಪಾಲು ಒಡಹುಟ್ಟಿದವರಿಗೂ ಅವರ ಮಕ್ಕಳಿಗೂ ಬರುವುದಿಲ್ಲ ಎಂದರು. ಮಾವ, ಎದುರಿಗೇ ಕೇಳಿದ್ದಕ್ಕೆ ಥ್ಯಾಂಕ್ಸ್. ಬೆನ್ನ ಹಿಂದೆ ಕೇಳುವವರೇ ಜಾಸ್ತಿ ಅಲ್ವಾ?

ದೊಡ್ಡಪ್ಪ, ನಿಮಗಂತೂ ಏನು ಹೇಳಲಿ. "ಇವನ ಅಕ್ಷರ ಮುತ್ತಿನಂಗ ಅದಾವು" ಎಂದು ಮುಯ್ಯಿ ಪುಸ್ತಕ ಅಣ್ಣನ ಕೈಗೇ ಕೊಟ್ಟಿರಿ. ದುಡ್ಡಿನ ಚೀಲವೂ ಅವನ ಹತ್ತಿರವೇ. ಡಿಜೆ ಸದ್ದು ಜಾಸ್ತಿಯಾದಾಗ ಎದ್ದು ಹೊರಗೆ ಹೋದ. ಯಾರೂ ಹಿಂದೆ ಓಡಲಿಲ್ಲ, ಅವ್ವ ಕೂಡ! ಸ್ವಲ್ಪ ಹೊತ್ತಿಗೆ ತಾನೇ ಬಂದು ಕೂತ. ಲೆಕ್ಕ ಸರಿಯಾಗಿತ್ತು.

ಮದುವೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಮನೆಯವರ ಬಗ್ಗೆ ಕೇಳಿದವರಿಗೆ ಒಂದು ಮಾತು. ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ. ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಂಥ ಕಾಯಿಲೆ ನೋಡಬಹುದು ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಿಂದ ಅದೇ ಮಾದರಿ ಬೇರೆ ರಾಜ್ಯಗಳಿಗೂ ಹೋಯಿತು. ಮೊದಲು ಫೋನಿನಲ್ಲಿ ಕೇಳಬೇಕೆಂದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಗೆ ಯಾರಾದರೂ ಜೊತೆಗೆ ಬೇಕಿದ್ದರೆ ಅಣ್ಣ ಬರುತ್ತಾನಂತೆ.