ಟರ್ಬೊಗೆ ಹೊದಿಕೆ ಹಾಕಿ, ಹೊಟ್ಟೆಗೆ ಸುತ್ತಬೇಡಿ

ಸಂಪಾದಕರೇ,

ಹೊಗೆಯ ಬಲದಿಂದ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊಗೆ ಬಿಸಿ ತಡೆಯುವ ಬಟ್ಟೆಯ ಹೊದಿಕೆ ಸುತ್ತಿದರೆ ಅದು ತನ್ನ ಬಿಸಿಗೆ ತಾನೇ ಬೆಂದು ಹೋಗುತ್ತದೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಮರುವಾರ ಇನ್ನೊಬ್ಬರು, ಇಲ್ಲ ಇಲ್ಲ, ಸುತ್ತಿದರೆ ಪಿಕಪ್ ಜಾಸ್ತಿ ಆಗುತ್ತದೆ, ಎಲ್ಲರೂ ಸುತ್ತಿಸಿಕೊಳ್ಳಿ ಎಂದರು. ಇಬ್ಬರ ಮಾತಲ್ಲೂ ಅಷ್ಟಷ್ಟು ಸತ್ಯ ಇದೆ. ಆದರೆ ಇಬ್ಬರೂ ಟರ್ಬೊ ಅಂದರೆ ಒಂದೇ ಗುಂಡು ಕಬ್ಬಿಣ ಅನ್ನುವ ಹಾಗೆ ಮಾತಾಡಿದ್ದಾರೆ. ಜಗಳ ಹುಟ್ಟಿದ್ದೇ ಅಲ್ಲಿ.

ಟರ್ಬೊಗೆ ಮೂರು ಭಾಗ. ಒಂದು ಕಡೆ ಟರ್ಬೈನ್, ಇಂಜಿನ್ನಿನ ಬಿಸಿ ಹೊಗೆ ಬಂದು ಬಡಿಯುವ ಜಾಗ. ಇನ್ನೊಂದು ಕಡೆ ಕಂಪ್ರೆಸರ್, ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ಕಳಿಸುವುದು ಇದು. ಎರಡರ ನಡುವೆ ಹೊಟ್ಟೆಯ ಹಾಗೆ ಒಂದು ಭಾಗ ಇದೆ, ಅದರೊಳಗೆ ಎರಡೂ ಕಡೆಯ ಚಕ್ರಗಳನ್ನು ಜೋಡಿಸುವ ಶಾಫ್ಟು, ಅದನ್ನು ಹೊತ್ತಿರುವ ಬೇರಿಂಗು. ಸಣ್ಣ ಗಾಡಿಯ ಟರ್ಬೊದಲ್ಲಿ ಆ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ಹೋಗಬಹುದು. ಅದನ್ನು ಹಿಡಿದು ನಿಲ್ಲಿಸಿರುವುದು ಕೂದಲಿಗಿಂತ ತೆಳು ಇರುವ ಆಯಿಲ್ ಪದರ, ಅಷ್ಟೇ. ಟರ್ಬೈನ್ ಕಡೆಯ ಲೋಹವನ್ನು ಬಿಸಿ ತಡೆಯಲೆಂದೇ ಮಾಡಿರುತ್ತಾರೆ. ಡೀಸೆಲ್ ಗಾಡಿಯಲ್ಲಿ ಹೊಗೆ 750-800 ಡಿಗ್ರಿ ಮುಟ್ಟುತ್ತದೆ, ಪೆಟ್ರೋಲ್ ಆದರೆ 950ಕ್ಕೂ ಮೇಲೆ. ನಡುವಿನ ಆಯಿಲ್‌ಗೆ ಆ ತಾಕತ್ತು ಎಲ್ಲಿಂದ ಬರಬೇಕು? 300 ಡಿಗ್ರಿಯ ಆಸುಪಾಸಿಗೇ ಅದು ಕರಟಿ ಇದ್ದಿಲಾಗಲು ಶುರುವಾಗುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ಬಾನೆಟ್ ಎತ್ತಿ ಕೈ ಕಪ್ಪು ಮಾಡಿಕೊಳ್ಳುವ ಚಟ ಇರುವವನು, ಆ ಚಟಕ್ಕೆ ದಂಡವನ್ನೂ ತೆತ್ತವನು. ನನ್ನ ಹಳೆಯ ಡೀಸೆಲ್ ಗಾಡಿಗೆ ಒಬ್ಬರ ಹತ್ತಿರ ಹೊದಿಕೆ ಹಾಕಿಸಿದ್ದೆ. ಅವರು ಪಟ್ಟಿ ಬಟ್ಟೆಯನ್ನು ಗಾಯಕ್ಕೆ ಬ್ಯಾಂಡೇಜ್ ಕಟ್ಟಿದ ಹಾಗೆ ಟರ್ಬೈನು, ಹೊಟ್ಟೆ, ಆಯಿಲ್ ಪೈಪಿನ ಬುಡ ಎಲ್ಲ ಸೇರಿಸಿ ಸುತ್ತಿ, ತಂತಿ ಬಿಗಿದು ಕೊಟ್ಟರು. ನೋಡಲು ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಕೆಲವು ತಿಂಗಳಿಗೆ ಶಿಳ್ಳೆ ಶುರುವಾಯಿತು, ಆಮೇಲೆ ನೀಲಿ ಹೊಗೆ. ಬಿಚ್ಚಿ ನೋಡಿದರೆ ಆಯಿಲ್ ವಾಪಸ್ ಇಳಿಯುವ ಪೈಪಿನೊಳಗೆ ಕರಿ ಹಕ್ಕಳೆ, ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ತಳ ಹಿಡಿದ ಪಾತ್ರೆ ಕೆರೆದ ಸದ್ದು. ಹೆಬ್ಬೆರಳು ತೂರುವಷ್ಟಿದ್ದ ದಾರಿ ಪೆನ್ಸಿಲ್ ತೂರುವಷ್ಟಾಗಿತ್ತು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು.

ಪೂರ್ತಿ ತಪ್ಪು ಬಟ್ಟೆಯದೇ ಅಂದರೆ ಅನ್ಯಾಯ ಆಗುತ್ತದೆ. ಲೋಡ್ ಹಾಕಿಕೊಂಡು ಏರು ಹತ್ತಿಸಿ, ನಿಲ್ಲಿಸಿದ ತಕ್ಷಣ ಕೀ ತಿರುಗಿಸಿ ಇಳಿಯುವುದು ನನ್ನ ಅಭ್ಯಾಸವಾಗಿತ್ತು. ಟರ್ಬೊ ಸುಡುವುದು ಓಡುವಾಗ ಅಲ್ಲ, ನಿಂತ ಮೇಲೆ. ಓಡುವಾಗ ಆಯಿಲ್ ಹರಿಯುತ್ತಾ ಬೇರಿಂಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತಿರುತ್ತದೆ. ಇಂಜಿನ್ ಆಫ್ ಮಾಡಿದಿರೋ, ಆಯಿಲ್ ನಿಂತಿತು, ಕೆಂಡದಂತಿರುವ ಟರ್ಬೈನಿನ ಬಿಸಿ ಮಾತ್ರ ಶಾಫ್ಟಿನ ಮೂಲಕ ನಿಧಾನವಾಗಿ ಹೊಟ್ಟೆಗೆ ಇಳಿಯುತ್ತಲೇ ಇರುತ್ತದೆ. ಆಫ್ ಮಾಡಿ ಕೆಲವು ನಿಮಿಷ ಆದ ಮೇಲೆ ನಡುಭಾಗ ಓಡುವಾಗಿನದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ಈಗ ಅದಕ್ಕೆ ಹೊದಿಕೆಯೂ ಇದ್ದರೆ? ಟರ್ಬೈನ್ ಆರುವುದು ಇನ್ನೂ ತಡ, ಹೊಟ್ಟೆಗೆ ಇಳಿಯುವ ಬಿಸಿ ಇನ್ನೂ ಜಾಸ್ತಿ. ಹೊಟ್ಟೆಗೇ ಸುತ್ತಿದ್ದರಂತೂ ಆ ಬಿಸಿ ಹೊರಗೆ ಹೋಗಲು ಇದ್ದ ಒಂದು ದಾರಿಯೂ ಮುಚ್ಚಿತು.

ಹಾಗಾದರೆ ಹೊದಿಕೆ ಕೆಟ್ಟದ್ದಾ ಅಂದರೆ, ಟರ್ಬೈನ್ ಕಡೆಗೆ ಮಾತ್ರ, ಅದರ ಅಳತೆಗೆ ಹೊಲಿದದ್ದು ಹಾಕಿದರೆ ಒಳ್ಳೆಯದೇ. ಆದರೆ ಒಳ್ಳೆಯದು ಯಾರಿಗೆ? ಟರ್ಬೊಗಿಂತ ಜಾಸ್ತಿ ಅದರ ಅಕ್ಕಪಕ್ಕದವರಿಗೆ. ಕೆಂಪಗೆ ಕಾದ ಲೋಹ ಬಿಸಿಯನ್ನು ಬಿಸಿಲಿನ ಹಾಗೆ ಸುತ್ತಲೂ ಎರಚುತ್ತದೆ. ಲೋಹದ ಬಿಸಿ 600ರಿಂದ 900 ಡಿಗ್ರಿಗೆ ಏರಿದರೆ ಹೀಗೆ ಎರಚುವ ಶಾಖ ಒಂದೂವರೆ ಪಟ್ಟು ಆಗಿ ನಿಲ್ಲುವುದಿಲ್ಲ, ಮೂರು ಪಟ್ಟು ದಾಟುತ್ತದೆ. ಪಕ್ಕದಲ್ಲಿ ವೈರಿಂಗ್, ರಬ್ಬರ್ ಪೈಪು, ಬ್ರೇಕ್ ಆಯಿಲ್ ಡಬ್ಬ, ಪ್ಲಾಸ್ಟಿಕ್ ಕ್ಲಿಪ್ಪು ಎಲ್ಲ ಇರುತ್ತವೆ. ಹೊದಿಕೆ ಉಳಿಸುವುದು ಇವುಗಳನ್ನು. ಕಂಪನಿಯವರು ಟರ್ಬೊ ಮೇಲೆ ಕೂರಿಸುವ ತಗಡಿನ ಹೀಟ್ ಶೀಲ್ಡ್ ಇದೇ ಕೆಲಸಕ್ಕೆ ಇರುವುದು. ಎಷ್ಟೋ ಗಾಡಿಗಳಲ್ಲಿ ಅದು ಬೋಲ್ಟ್ ತುಕ್ಕು ಹಿಡಿದು ಗಡಗಡ ಅನ್ನುತ್ತದೆ ಎಂದು ಕಿತ್ತು ಎಸೆದು, ಆಮೇಲೆ ದುಡ್ಡು ಕೊಟ್ಟು ಬಟ್ಟೆ ಹಾಕಿಸುತ್ತಾರೆ! ಇದ್ದದ್ದನ್ನು ಸರಿಯಾಗಿ ಬಿಗಿದುಕೊಂಡರೆ ಸಾಕಿತ್ತು ಅಲ್ವಾ?

ಹಡಗುಗಳಲ್ಲಂತೂ ಇದು ಇಷ್ಟಾನಿಷ್ಟದ ಪ್ರಶ್ನೆಯೇ ಅಲ್ಲ. ಇಂಧನದ ಪೈಪ್ ಒಡೆದು ಚಿಮ್ಮಿದರೆ ತಾಗುವಂಥ ಯಾವ ಮೇಲ್ಮೈಯಾದರೂ 220 ಡಿಗ್ರಿಗಿಂತ ಬಿಸಿ ಇದ್ದರೆ ಅದಕ್ಕೆ ಹೊದಿಕೆ ಇರಲೇಬೇಕು ಎಂದು ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ಹೇಳುತ್ತದೆ. ಅಲ್ಲಿ ಚಿಂತೆ ಬೆಂಕಿಯದು. ಹೊದಿಸಿದ ತಕ್ಷಣ ಟರ್ಬೊ ಬೆಂದು ಹೋಗುವುದಾಗಿದ್ದರೆ ಸಮುದ್ರದಲ್ಲಿ ಒಂದು ಹಡಗೂ ಓಡುತ್ತಿರಲಿಲ್ಲ.

ಇನ್ನು ಪಿಕಪ್ ವಿಷಯ. ಹೊಗೆಯ ಬಿಸಿ ಉಳಿದರೆ ಟರ್ಬೈನಿಗೆ ಸಿಗುವ ಶಕ್ತಿ ಉಳಿಯುತ್ತದೆ, ಆ ತರ್ಕ ಸರಿಯೇ. ಆದರೆ ಲೆಕ್ಕ ಹಾಕಿ ನೋಡಿ. 800 ಡಿಗ್ರಿ ಹೊಗೆಯಲ್ಲಿ 20 ಡಿಗ್ರಿ ಉಳಿಸಿದಿರಿ ಅಂತಿಟ್ಟುಕೊಳ್ಳೋಣ, ಟರ್ಬೈನಿಗೆ ಸಿಗುವ ಶಕ್ತಿಯಲ್ಲಿ ಅದು ಶೇ 2ರಷ್ಟೂ ಆಗುವುದಿಲ್ಲ. ರೇಸ್ ಓಡಿಸುವವರಿಗೆ ಅದು ದೊಡ್ಡದು. ದಿನಾ ಕೆಲಸಕ್ಕೆ ಹೋಗಿ ಬರುವವರಿಗೆ ಗೊತ್ತೂ ಆಗದು. ಗೊತ್ತಾಯಿತು ಅನ್ನುವವರಿಗೆ ಹೆಚ್ಚಾಗಿ ಗೊತ್ತಾಗುವುದು ಕೊಟ್ಟ ದುಡ್ಡು. ಟರ್ಬೈನ್ ದಾಟಿದ ಮೇಲಿನ ಪೈಪಿಗೆ ಸುತ್ತಿ ಪಿಕಪ್ ಬಂತು ಅನ್ನುವವರೂ ಇದ್ದಾರೆ. ಟರ್ಬೈನಿನ ಚಕ್ರ ತಿರುಗಿಸಿ ಹೊರಟು ಹೋದ ಹೊಗೆಯನ್ನು ಬೆಚ್ಚಗಿಟ್ಟು ಏನು ಮಾಡುತ್ತೀರಿ? ಬಾನೆಟ್ ಒಳಗಿನ ಬಿಸಿ ಕಡಿಮೆ ಆಗುತ್ತದೆ, ಅಷ್ಟು ನಿಜ.

ಹಾಕಿಸಲೇಬೇಕು ಅನ್ನುವವರಿಗೆ ನನ್ನ ದಂಡದಿಂದ ಕಲಿತದ್ದು ಹೇಳುತ್ತೇನೆ. ನಿಮ್ಮ ಟರ್ಬೊದ ಹೊಟ್ಟೆಗೆ ಕೂಲಂಟ್ (ಇಂಜಿನ್ ತಣಿಸುವ ನೀರು) ಪೈಪ್ ಬರುತ್ತದೋ ಇಲ್ಲವೋ ಮೊದಲು ನೋಡಿ. ಬರುವುದಾದರೆ ಇಂಜಿನ್ ನಿಂತ ಮೇಲೂ ಬಿಸಿಗೆ ನೀರು ತಾನಾಗಿ ಮೇಲೇರಿ ಹರಿದು ಬೇರಿಂಗನ್ನು ಒಂದಷ್ಟು ತಣಿಸುತ್ತದೆ, ಕೆಲವು ಗಾಡಿಗಳಲ್ಲಿ ಅದಕ್ಕೆಂದೇ ಸಣ್ಣ ಕರೆಂಟ್ ಪಂಪ್ ಇರುತ್ತದೆ. ಬರೀ ಆಯಿಲ್‌ನಿಂದ ತಣ್ಣಗಾಗುವ ಹಳೆಯ ಟರ್ಬೊ ಆದರೆ ಹೊದಿಕೆಯ ಆಸೆ ಬಿಡಿ, ನನ್ನದು ಅದೇ ಆಗಿತ್ತು. ಹೊದಿಕೆ ಹೊಟ್ಟೆಯನ್ನು ಮುಟ್ಟಬಾರದು, ಕಂಪ್ರೆಸರ್ ಹತ್ತಿರವೂ ಬರಬಾರದು, ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಬಾಗಿಲು) ಕಡ್ಡಿ ಓಡಾಡುವ ಜಾಗಕ್ಕೆ ಸಿಕ್ಕಿಕೊಳ್ಳಬಾರದು. ಏರು ಹತ್ತಿ ಬಂದ ಮೇಲೆ ಒಂದೆರಡು ನಿಮಿಷ ಸುಮ್ನೆ ಐಡಲ್‌ನಲ್ಲಿ ಬಿಡಿ. ವಾರಂಟಿ ಇರುವ ಗಾಡಿ ಆದರೆ ಕೈ ಹಾಕುವ ಮೊದಲು ಕೇಳಿ.

ಒಂದು ಸಂಗತಿಯನ್ನು ಇಬ್ಬರು ಓದುಗರೂ ಎತ್ತಲಿಲ್ಲ. ಹೊದಿಕೆ ಬಟ್ಟೆ ಆಯಿಲ್ ಕುಡಿಯುತ್ತದೆ. ಬರಿ ಲೋಹದ ಮೇಲೆ ಆಯಿಲ್ ಜಿನುಗಿದರೆ ಹೊಗೆ ಬರುತ್ತದೆ, ವಾಸನೆ ಬರುತ್ತದೆ, ನಮಗೆ ಗೊತ್ತಾಗುತ್ತದೆ. ಬಟ್ಟೆ ಅದನ್ನು ಬತ್ತಿಯ ಹಾಗೆ ಹೀರಿ ಮುಚ್ಚಿಟ್ಟುಕೊಳ್ಳುತ್ತದೆ, ಒಂದು ದಿನ ಹತ್ತಿಕೊಳ್ಳುತ್ತದೆ. ಆಯಿಲ್ ಬದಲಿಸುವಾಗಲೆಲ್ಲ, ಗಾಡಿ ಪೂರ್ತಿ ಆರಿದ ಮೇಲೆ, ಹೊದಿಕೆಯ ಕೆಳಗಿನ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ. ಬೆರಳಿಗೆ ಜಿಡ್ಡು ಹತ್ತಿತೋ, ಅದನ್ನು ಒಗೆದು ಒಣಗಿಸಿ ಮತ್ತೆ ಹಾಕುವ ಉಸಾಬರಿ ಬೇಡ, ಕಿತ್ತೆಸೆಯಿರಿ. ಸೋರಿಕೆ ಎಲ್ಲಿ ಎಂದು ಹುಡುಕಿ ಸರಿ ಮಾಡಿದ ಮೇಲೆ ಹೊಸದು ತನ್ನಿ.

ಇಂತಿ,
ಒಬ್ಬ ಓದುಗ