ಹಿಂದೆ ಉಳಿದುಬಿಟ್ಟರೆ ಎಂದು ಬರೆದಿದ್ದೀಯಲ್ಲ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಗೆಳತಿಯರ ಜೊತೆಗಿನ ನಿನ್ನ ಪ್ರವಾಸಕ್ಕೆ ವೀಸಾ ಬಂದದ್ದು, ಪ್ಯಾರಿಸ್‌ವರೆಗೆ ವಿಮಾನ, ಅಲ್ಲಿಂದಾಚೆಗೆ ರೈಲು ಎಂಬುದನ್ನೆಲ್ಲ ನಿನ್ನಮ್ಮ ಮೊದಲೇ ಹೇಳಿದ್ದಳು. ನಿನ್ನ ಮಂಡಿನೋವಿನ ಕಥೆಯೂ ಗೊತ್ತಿದ್ದದ್ದೇ. ಆದರೆ ಕೊನೆಯಲ್ಲಿ, "ಅವರೆಲ್ಲ ಬಿರುಸಾಗಿ ನಡೆಯುವವರು, ನಾನೊಬ್ಬಳೇ ಹಿಂದೆ ಉಳಿದು ರೈಲು ಹೊರಟುಬಿಟ್ಟರೆ?" ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಮ್ಯೂನಿಕ್‌ನಲ್ಲಿ ಮಗಳ ಮನೆಯಲ್ಲಿದ್ದಾಗ ನೀವು ಹೋಗುವ ಸ್ವಿಟ್ಜರ್ಲೆಂಡಿನ ಆ ಊರುಗಳನ್ನು ನಾನೂ ನೋಡಿದೆ. ಇಂಟರ್‌ಲಾಕನ್ ಓಸ್ಟ್‌ನಿಂದ ಹೊರಡುವ ರೈಲು ತ್ಸ್ವೈಲ್ಯೂಚಿನೆನ್ ಎಂಬ ಸಣ್ಣ ನಿಲ್ದಾಣದಲ್ಲಿ ಎರಡು ಪಾಲಾಗುತ್ತದೆ. ಒಂದು ಪಾಲು ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ನಮ್ಮ ಬೋಗಿಯಲ್ಲಿ ನಿನ್ನ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ಅವಳ ಜೊತೆಯವರು ಮುಂದಿನ ಬೋಗಿ ಹತ್ತಿದ್ದರಂತೆ. ಹಳಿಗಳು ಕವಲೊಡೆದು ಆ ಬೋಗಿಗಳು ಬೇರೆ ಕಣಿವೆಯತ್ತ ತಿರುಗಿದ್ದು ಕಿಟಕಿಯಲ್ಲಿ ಕಂಡಾಗ ಅವಳ ಬೆರಳುಗಳು ನಡುಗಿ, ಮೊಬೈಲ್ ತೆರೆಯುವ ಗುಪ್ತ ಸಂಖ್ಯೆಯನ್ನೇ ಒತ್ತಲಾಗಲಿಲ್ಲ. ಟಿಕೆಟ್ ನೋಡುವವನು ಬಂದು, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಹೋಗಿ, ಅರ್ಧ ಗಂಟೆಗೊಂದು ರೈಲಿದೆ ಎಂದು ಸಮಾಧಾನವಾಗಿ ಹೇಳಿದ. ಅವಳು ಇಳಿದುಹೋದಳು. ಅವಳ ಗೆಳತಿಯರು ಕಾದರೋ ಇಲ್ಲವೋ ತಿಳಿಯಲಿಲ್ಲ. ನಿನ್ನ ಸಾಲು ಓದಿದಾಗ ಅವಳೇ ಕಣ್ಣ ಮುಂದೆ ಬಂದಳು.

ಆದ್ದರಿಂದ ಹತ್ತುವ ಮೊದಲು ಬೋಗಿಯ ಮೇಲಿರುವ ಊರಿನ ಹೆಸರು ಓದಿಕೋ. ಇದು ನಿನಗೆ ತಿಳಿಯದ್ದಲ್ಲ, ಆದರೂ ಹೇಳುತ್ತಿದ್ದೇನೆ, ಬೇಸರಿಸಬೇಡ.

ಹಿಂದೆ ಉಳಿಯುವ ಭಯ ನನಗೆ ಹೊಸದಲ್ಲ. ನನ್ನ ಗೆಳತಿಯೊಬ್ಬಳಿಗೆ ಉಬ್ಬಸವಿತ್ತು. ನಾವು ಮೂವರು ಕಾಶಿಗೆ ಹೋಗೋಣವೆಂದು ವರ್ಷ ವರ್ಷವೂ ಮಾತನಾಡುತ್ತಿದ್ದೆವು. ಒಮ್ಮೆ ಮಗಳ ಬಾಣಂತನ, ಒಮ್ಮೆ ನಮ್ಮತ್ತೆಯ ಕಾಯಿಲೆ, ಏನಾದರೊಂದು ಅಡ್ಡ ಬರುತ್ತಿತ್ತು. ಅವಳು ಮಾತ್ರ ಪ್ರತಿ ಸಲವೂ, "ಘಾಟ್‌ಗಳ ಮೆಟ್ಟಿಲು ನನ್ನಿಂದಾಗದು, ನೀವಿಬ್ಬರೇ ಹೋಗಿಬನ್ನಿ" ಎನ್ನುತ್ತಿದ್ದಳು. ಉಪಚಾರಕ್ಕೆ ಆಡುವ ಮಾತೆಂದು ನಾವು ತಿಳಿದೆವು. ಅದು ನಿಜವಾದ ಹೆದರಿಕೆ ಎಂದು ಅವಳ ಮಗಳು ಹೇಳಿದ್ದು ಅವಳು ತೀರಿಕೊಂಡ ಮೇಲೆ. ಪುಟ್ಟಿ, ಅವಳೊಂದಿಗೆ ಹತ್ತು ಮೆಟ್ಟಿಲಿಗೊಮ್ಮೆ ಕುಳಿತು ಏರಿದ್ದರೂ ನನಗೆ ಅದೇ ಯಾತ್ರೆಯಾಗುತ್ತಿತ್ತು. ಅದನ್ನು ಅವಳಿಗೆ ಹೇಳುವ ಅವಕಾಶ ಸಿಗಲಿಲ್ಲ. ನಿನ್ನ ಗೆಳತಿಯರ ಮನಸ್ಸಿನಲ್ಲೂ ಇಂಥದ್ದೇ ಇರಬಹುದು, ನೀನು ಕೇಳಿಲ್ಲ ಅಷ್ಟೇ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ರೈಲು ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ. ಪ್ಯಾರಿಸ್‌ನ ಟಿಜಿವಿ ಎಂಬ ಅತಿವೇಗದ ರೈಲಿನ ವಿಷಯ ಬೇರೆ. ಹೊರಡುವ ಎರಡು ನಿಮಿಷ ಮೊದಲೇ ಬಾಗಿಲು ಹಾಕುತ್ತಾರೆ, ರೈಲು ಪಾಸ್ ಇದ್ದರೂ ಸೀಟನ್ನು ಬೇರೆಯಾಗಿ ಕಾಯ್ದಿರಿಸಿರಬೇಕು. ಅಲ್ಲಿ ನಿಲ್ದಾಣಗಳೂ ಹಲವು, ಗಾರ್ ದು ನೋರ್ ಬೇರೆ, ಗಾರ್ ದ ಲಿಯೋಂ ಬೇರೆ. ಆ ದಿನ ಮಾತ್ರ ಬೇಗ ಹೊರಡಿ ಎಂದು ನೀನೇ ಹಟ ಹಿಡಿ. ಪಾಸ್‌ಪೋರ್ಟ್, ಟಿಕೆಟ್ ಯಾರದೋ ಕೈಯಲ್ಲಿ ಒಟ್ಟಾಗಿ ಇರುವುದು ಬೇಡ, ನಿನ್ನದು ನಿನ್ನ ಹತ್ತಿರವೇ ಇರಲಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕಂತೆ, ಅದು ನಿನಗೆ ಗೊತ್ತಿದ್ದೀತು. ಯಾರಾದರೂ ಹಿಂದೆ ಉಳಿದರೆ ಅದೇ ಪ್ಲಾಟ್‌ಫಾರಂನಲ್ಲೇ ನಿಲ್ಲಬೇಕು, ಮುಂದೆ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯಬೇಕು ಎಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಅದಕ್ಕೂ ಮೊದಲು ಅವರಲ್ಲಿ ಒಬ್ಬಳಿಗಾದರೂ ಮಂಡಿಯ ವಿಷಯ ಹೇಳು. ಮೆಟ್ಟಿಲಿಳಿಯುವಾಗ ನೋಯುತ್ತದೆ, ನಿಧಾನ ಮಾಡಿ ಎಂದರೆ ಸಾಕು. ಹೇಳಿದೆಯೋ ಇಲ್ಲವೋ ಎಂದು ವಿಮಾನ ಹತ್ತುವುದರೊಳಗೆ ನನಗೆ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ